ನೆಲದ ಮೇಲೆ ಕೂರುವ ಮಾಸ್ತರರ ಎಣಿಕೆ

ನಾನು ಸದಾ ಏನಾದರೂ ಎಣಿಸುತ್ತಿರುತ್ತೇನೆ ಎಂಬುದು ಬೆಟಗೇರಿಯ ನಮ್ಮ ಓಣಿಗೆಲ್ಲ ಗೊತ್ತು. ಮುಂಡರಗಿ ಬಸ್ಸು ದಾರಿಯಲ್ಲಿ ಎಷ್ಟು ಸಲ ನಿಂತಿತು, ವಾರದಲ್ಲಿ ಅವ್ವ ಎಷ್ಟು ದಿನ ಬದನೆಕಾಯಿ ಪಲ್ಯ ಮಾಡಿದಳು, ಎಲ್ಲವನ್ನೂ ದಿನಚರಿಯಲ್ಲಿ ಗೀಟು ಎಳೆದು ಇಟ್ಟಿರುತ್ತೇನೆ. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಇದರಿಂದ ಇದುವರೆಗೆ ಯಾರಿಗೂ ಏನೂ ಲಾಭವಾಗಿರಲಿಲ್ಲ. ಬದನೆಕಾಯಿಯ ಲೆಕ್ಕ ಓದಿ ಹೇಳಿದ ವಾರ ಅವ್ವ ಸಿಟ್ಟಿಗೆ ಅದನ್ನೇ ಇನ್ನೂ ಎರಡು ದಿನ ಹೆಚ್ಚು ಮಾಡಿದಳು.

ಹಾಗಾಗಿ ಜೂನ್ ಹದಿನೆಂಟರ ಸಂಜೆ ಫೋನಿನಲ್ಲಿ ಬಂದ ಮಾತು ಕೇಳಿ ನನಗೆ ಎಷ್ಟು ಹಿಗ್ಗಾಯಿತೆಂದು ಬೇರೆ ಹೇಳಬೇಕಿಲ್ಲ. ಮಾತು ನಮ್ಮ ಕಾಕಾನ ಮಗಳದು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ. ಅವಳ ಗಂಡ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳು ಅಲ್ಲಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಸಹಾಯಕಿಯಾಗಿದ್ದು, ಈಗ ಪೂರ್ತಿ ಟೀಚರ್ ಆಗಲು ಓದುತ್ತಿದ್ದಾಳೆ. ಅಷ್ಟು ದೂರ ಹೋದರೂ ಅವಳ ಮಾತು ಬೆಟಗೇರಿ ಬಿಟ್ಟು ಒಂದು ಹೆಜ್ಜೆ ಸರಿದಿಲ್ಲ.

"ತಮ್ಮಾ, ನೀ ಹೆಂಗೂ ಎಣಿಸ್ಕೋತ ಕುಂಡ್ರಾಂವ. ನನಗೊಂದ ಕೆಲಸ ಮಾಡಿಕೊಡು. ಪ್ರೈಮರಿ ಸಾಲ್ಯಾಗ ಗಂಡಸ ಮಾಸ್ತರ ಎಷ್ಟ ಮಂದಿ ಅದಾರ ಅಂತ ಎರಡ ದೇಶದ್ದು ಹೋಲಿಸಿ ಬರೀರಿ ಅಂದಾರ ಇಲ್ಲಿ. ಸರಕಾರದ ಅಂಕಿ ನಾ ಹುಡುಕ್ಕೋತೀನಿ. ಆದ್ರ ಅದರಾಗ ಮಂದೀ ಮಾರಿ ಕಾಣಂಗಿಲ್ಲ. ನಿಮ್ಮ ಸಾಲಿ, ನಿಮ್ಮ ಸುತ್ತಲಿನ ಸಾಲಿ, ನೀನ ಎಣಿಸಿ ಕಳಸು."

ನಾನು ಮುಂಡರಗಿ ತಾಲೂಕಿನಲ್ಲಿ, ಡೋಣಿ ಎಂಬ ಊರಿನಿಂದ ಒಂದಿಷ್ಟು ಒಳಗಿರುವ ಹಳ್ಳಿಯೊಂದರ ಸರಕಾರಿ ಶಾಲೆಯಲ್ಲಿ ಮಾಸ್ತರ. ಒಂದರಿಂದ ಏಳನೇ ಇಯತ್ತೆವರೆಗಿನ ಶಾಲೆ. ಮೊದಲ ಎಣಿಕೆ ಅಲ್ಲಿಂದಲೇ ಶುರುವಾಯಿತು, ಕುಳಿತಲ್ಲೇ ಮುಗಿಯಿತು ಕೂಡ. ಹೆಣ್ಣು ಮಾಸ್ತರರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ; ಹೆಡ್ ಅಕ್ಕೋರು ಮತ್ತು ಇಬ್ಬರು ಅಕ್ಕೋರು, ಮೂರು ಗೀಟು. ಆರು-ಏಳನೇ ಇಯತ್ತೆಗೆ ಪಾಠ ಹೇಳುವ ಹಿರಿಯ ಸರ್ ಮತ್ತು ನಾನು, ಎರಡು ಗೀಟು.

ಎರಡನೆಯ ಎಣಿಕೆಗೆ ಇನ್ನೂ ಸುಲಭದ ಜಾಗ ಸಿಕ್ಕಿತು. ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಿಕ್ಷಕರನ್ನೆಲ್ಲ ಆಗಾಗ ಒಂದೆಡೆ ಕೂಡಿಸಿ ಸಭೆ ಮಾಡುತ್ತಾರೆ. ಆ ತಿಂಗಳ ಸಭೆಯಲ್ಲಿ ನಾನು ಹಿಂದಿನ ಕುರ್ಚಿ ಹಿಡಿದೆ. ಮುಂದೆ ಯಾರೋ ಕಲಿಕೆಯ ಫಲಗಳ ಬಗ್ಗೆ ಮಾತಾಡುತ್ತಿದ್ದರು, ನಾನು ತಲೆಗಳನ್ನು ಎಣಿಸುತ್ತಿದ್ದೆ. ಹೆಣ್ಣುಮಕ್ಕಳು ಇಪ್ಪತ್ತಾರು, ಗಂಡಸರು ನನ್ನನ್ನೂ ಹಿಡಿದು ಹತ್ತೊಂಬತ್ತು. ಚಹಾಕ್ಕೆ ಬಿಟ್ಟಾಗ ಇನ್ನೊಮ್ಮೆ ಎಣಿಸಿದೆ. ಗಂಡಸರು ಇಪ್ಪತ್ತಾಗಿದ್ದರು. ಆಮೇಲೆ ನೋಡಿದರೆ ಇಪ್ಪತ್ತನೆಯವನು ಚಹಾ ತಂದವನು.

ಅಕ್ಕನಿಗೆ ಕಳಿಸಿದೆ. ಅವಳು ತನ್ನ ಶಾಲೆಯ ಲೆಕ್ಕ ಕೊಟ್ಟಳು: ಟೀಚರುಗಳು ಒಟ್ಟು ಹದಿನಾಲ್ಕು, ಅದರಲ್ಲಿ ಗಂಡಸು ಒಬ್ಬನೇ ಒಬ್ಬ.

"ಒಬ್ಬನ?" ಎಂದೆ.

"ಒಬ್ಬನ. ಕಟ್ಟಡದ ಕೀಲಿ-ಗೀಲಿ ನೋಡ್ಕೊಳ್ಳಾಂವ ಇನ್ನೊಬ್ಬ ಅದಾನ, ಅವನ್ನ ಹಿಡ್ಯಂಗಿಲ್ಲ."

"ನಾನೂ ಚಾದಾಂವನ್ನ ಬಿಟ್ಟೀನಿ," ಎಂದೆ.

ಅವತ್ತು ದಿನಚರಿಯಲ್ಲಿ ದೊಡ್ಡಕ್ಷರದಲ್ಲಿ 'ನಾವು ಮುಂದೆ' ಎಂದು ಬರೆದುಕೊಂಡಿದ್ದೇನೆ. ಕ್ರಿಕೆಟ್ ಗೆದ್ದ ಹಾಗೆ. ಇಂಗ್ಲೆಂಡಿನವರ ಮುಂದೆ ಯಾವುದರಲ್ಲಾದರೂ ಗೆದ್ದರೆ ಯಾರಿಗೆ ಬೇಡ?

ಈ ಖುಷಿ ಲಕ್ಷ್ಮೇಶ್ವರದಲ್ಲಿ ಇಳಿಯಿತು. ಅಲ್ಲಿ ನನ್ನ ಜೊತೆ ಶಿಕ್ಷಕರ ತರಬೇತಿ ಮಾಡಿದ ಗೆಳೆಯನೊಬ್ಬ ದೊಡ್ಡ ಶಾಲೆಯೊಂದರಲ್ಲಿದ್ದಾನೆ. ಒಂದು ಭಾನುವಾರ ಅವನನ್ನು ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ಹತ್ತಿರ ಗಿರ್ಮಿಟ್ಟು, ಮಿರ್ಚಿ ತಿನ್ನುತ್ತ ಅವನ ಶಾಲೆಯ ಮಾಸ್ತರರನ್ನು ಒಬ್ಬೊಬ್ಬರಾಗಿ ಹೇಳಿಸಿದೆ. ಅವನು ಹೇಳಿದಂತೆ ನಾನು ಗೀಟು ಎಳೆದೆ. ಗಂಡಸರ ಕಡೆ ಗೀಟು ಚೆನ್ನಾಗಿ ಬೆಳೆಯುತ್ತಿತ್ತು. ಗೆಳೆಯ ಮಿರ್ಚಿಯ ತೊಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದ.

"ಲೇ, ಎಣಿಸಾಕ ಕುಂತೀ, ಖರೆ. ಅವರೆಲ್ಲಾ ಯಾವ ಇಯತ್ತಿಗೆ ಅದಾರಂತ ಕೇಳಿದೇನು?"

"ಪ್ರೈಮರಿ ಅಂದ್ರ ಪ್ರೈಮರಿ."

"ನಿಮ್ಮಕ್ಕನ ಊರಾಗ ಪ್ರೈಮರಿ ಅಂದ್ರ ಹನ್ನೊಂದ ವರ್ಷಕ್ಕ ಮುಗೀತೈತಿ. ನಮ್ಮ ಸಾಲ್ಯಾಗ ಮೀಸಿ ಮೂಡಿದ ಹುಡುಗೂರು ಅದಾವ, ಎಂಟನೇ ಇಯತ್ತಿದ್ದು. ಗಂಡಸ ಮಾಸ್ತರ ಎಲ್ಲಾ ಆ ಕಡೇನ ಅದಾರ. ಜ್ವಾಳದ ಚೀಲ, ಗೋದಿ ಚೀಲ ಒಂದ ತಕ್ಕಡ್ಯಾಗ ಹಾಕಿ ಯಾವ ಧಾರಣಿ ಬರೀತಿ?"

ಅವನ ಮನೆತನದವರು ಲಕ್ಷ್ಮೇಶ್ವರದಲ್ಲಿ ಕಾಳುಕಡಿ ವ್ಯಾಪಾರ ಮಾಡಿದವರು. ಅವನಿಗೆ ಎಲ್ಲವೂ ಚೀಲದಲ್ಲೇ ಕಾಣುತ್ತದೆ. ಆದರೆ ಮಾತು ಸರಿ ಇತ್ತು. ಅಲ್ಲೇ ಕುಳಿತು ಎರಡನೆಯ ಸಾಲು ಎಳೆದೆ: ಒಂದರಿಂದ ಮೂರನೇ ಇಯತ್ತೆ ಮಾತ್ರ. ನಮ್ಮಲ್ಲಿ ಆ ಮೂರೂ ಇಯತ್ತೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ, ಪುಸ್ತಕದ ಬದಲು ಕಾರ್ಡು, ಹಾಡು, ಆಟದಿಂದ ಕಲಿಸುವ ನಲಿ-ಕಲಿ ತರಗತಿ. ಮಾಸ್ತರನಿಗೆ ಅಲ್ಲಿ ಕುರ್ಚಿಯ ಕೆಲಸವಿಲ್ಲ, ಮಕ್ಕಳ ಗುಂಪಿನಲ್ಲಿ ನೆಲದ ಮೇಲೇ ಕೂರಬೇಕು. ಗೆಳೆಯನ ಶಾಲೆಯಲ್ಲಿ ಹಾಗೆ ಕೂರುವ ಗಂಡಸು ಒಬ್ಬನೂ ಇರಲಿಲ್ಲ. ಸಭೆಯ ಹತ್ತೊಂಬತ್ತು ಮಂದಿಯನ್ನು ಫೋನು ಮಾಡಿ ವಿಚಾರಿಸಿದೆ. ಇಬ್ಬರು ಸಿಕ್ಕರು. ಒಬ್ಬರು ಏಕೋಪಾಧ್ಯಾಯ ಶಾಲೆಯವರು. ಇಡೀ ಶಾಲೆಗೆ ಅವರೊಬ್ಬರೇ, ನೆಲದ ಮೇಲೆ ಕೂರದೆ ಬೇರೆ ದಾರಿಯೇ ಇಲ್ಲ. ಇನ್ನೊಬ್ಬ ನಾನು.

ಅಕ್ಕನನ್ನೂ ಕೇಳಿದೆ, ನಿಮ್ಮ ಆ ಒಬ್ಬ ಯಾವ ಇಯತ್ತೆಗೆ ಇದ್ದಾನೆ ಎಂದು. "ಎಲ್ಲಾದ್ರಕ್ಕಿಂತ ಮ್ಯಾಲಿಂದಕ್ಕ," ಎಂದಳು. ಸಣ್ಣವರ ಕಡೆ ಸೊನ್ನೆ. 'ನಾವು ಮುಂದೆ' ಎಂದು ಬರೆದದ್ದನ್ನು ಹೊಡೆದುಹಾಕಲಿಲ್ಲ, ದಿನಚರಿಯಲ್ಲಿ ಹೊಡೆದುಹಾಕುವ ಪದ್ಧತಿ ನನ್ನದಲ್ಲ. ಕೆಳಗೆ 'ಎರಡು–ಸೊನ್ನೆ' ಎಂದು ಬರೆದೆ.

ನಾನು ಆ ತರಗತಿಗೆ ಬಂದದ್ದು ನನ್ನ ಹಂಬಲದಿಂದೇನಲ್ಲ. ಹಿಂದಿನ ವರ್ಷ ನಲಿ-ಕಲಿ ಅಕ್ಕೋರಿಗೆ ವರ್ಗವಾದಾಗ ಹೆಡ್ ಅಕ್ಕೋರು, "ಎರಡ ತಿಂಗಳ ನೋಡ್ಕೋರಿ ಸರ್, ಅಷ್ಟರಾಗ ಯಾರರೆ ಬರ್ತಾರ," ಎಂದಿದ್ದರು. ಯಾರೂ ಬರಲಿಲ್ಲ. ಮೊದಲ ವಾರ ಮಕ್ಕಳೆಲ್ಲ ನನ್ನನ್ನು ಅಕ್ಕೋರೇ ಎಂದು ಕರೆದರು. ಅಂಗನವಾಡಿಯಿಂದ ಅವರಿಗೆ ಕಲಿಸಿದವರೆಲ್ಲ ಹೆಣ್ಣುಮಕ್ಕಳೇ. ಕಲಿಸುವವರನ್ನು ಕರೆಯುವುದು ಹಾಗೇ ಎಂದು ತಿಳಿದಿದ್ದರು. ನಾನೂ "ಏನವಾ," "ಏನಪಾ" ಎಂದು ಓಗೊಟ್ಟೆ. ಎರಡು ಪ್ಯಾಂಟುಗಳ ಮೊಣಕಾಲು ಸವೆದವು. ಹಾಡಿಗೆ ಕುಣಿಯುವುದು ಬಂತು. ಕಲಿಕೆಯ ಮೆಟ್ಟಿಲುಗಳನ್ನು ಏಣಿಯ ಹಾಗೆ ಬರೆದು ಗೋಡೆಗೆ ಹಚ್ಚಿರುತ್ತೇವೆ. ಯಾವ ಮಗು ಎಲ್ಲಿಯವರೆಗೆ ಹತ್ತಿದೆ ಎಂದು ನಾನು ದಿನಾ ಗುರುತು ಹಾಕಬೇಕು. ಇದು ನನಗಾಗಿಯೇ ಮಾಡಿದ ಕೆಲಸ ಎನಿಸಿತು. ಜೀವನದಲ್ಲಿ ಮೊದಲ ಸಲ ನನ್ನ ಗೀಟುಗಳಿಗೆ ಜೀವ ಬಂದು, ಅವು "ಸರ್, ಉಚ್ಚಿ ಬಂತ್ರಿ" ಎಂದು ಎದ್ದು ನಿಲ್ಲುತ್ತಿದ್ದವು.

ಜುಲೈ ಮೂರರಂದು ಊಟದ ಹೊತ್ತಿಗೆ ಹೆಡ್ ಅಕ್ಕೋರು ನಗುತ್ತ ಬಂದರು.

"ಸರ್, ನಿಮಗೊಂದ ಛಲೋ ಸುದ್ದಿ ಐತ್ರಿ. ತಿಂಗಳ ಕೊನಿಗೆ ಹಿರಿಯ ಸರ್ ರಿಟೈರ್ ಆಗ್ತಾರ. ಅವರ ಜಾಗಾಕ್ಕ ಶಿರಹಟ್ಟಿ ಕಡೆಯಿಂದ ಅಕ್ಕೋರೊಬ್ಬರು ವರ್ಗಾ ಆಗಿ ಬರಾಕತ್ತಾರ. ಇನ್ನ ನೀವು ನಲಿ-ಕಲಿಯಿಂದ ಪಾರಾದ್ರಿ!"

"ಪಾರ ಮಾಡ್ರಿ ಅಂತ ನಾ ಕೇಳೇ ಇಲ್ಲಲ್ರೀ."

ಅವರು ಚಪಾತಿ ಹಿಡಿದ ಕೈ ನಿಲ್ಲಿಸಿದರು. "ಅಂದ್ರ?"

"ಅಂದ್ರ ನನಗ ಅಲ್ಲೇ ಇರೂದೈತ್ರಿ. ಮಕ್ಕಳು ಏಣೀ ನಡುವ ಅದಾರ."

"ಏಣಿ ಎಲ್ಲಿಗೂ ಹೋಗಂಗಿಲ್ರೀ, ಗೋಡಿಗೆ ಐತಿ," ಎಂದು ಹಿರಿಯ ಸರ್ ಮೂಲೆಯಿಂದ ಹೇಳಿದರು. ಮೂವತ್ತು ವರ್ಷ ಚಾಕ್ ಹಿಡಿದ ಕೈ ಅವರದು. ಚಾಕಿಗಿಂತ ಹೆಚ್ಚು ಮೋಟರ್‌ಸೈಕಲ್ಲಿನ ಹ್ಯಾಂಡಲ್ಲನ್ನೇ ಹಿಡಿದಿದ್ದೇನೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಅದು ಸುಳ್ಳಲ್ಲ. ನಮ್ಮ ಕಡೆ ಶಾಲೆಯಲ್ಲಿ ಗಂಡಸು ಮಾಸ್ತರ ಒಬ್ಬನಿದ್ದರೆ ಹೊರಗಿನ ಕೆಲಸವೆಲ್ಲ ಅವನದೇ. ಬಿಸಿಯೂಟದ ಸಿಲಿಂಡರ್ ತೀರಿದರೆ ಅವನು, ತತ್ತಿ-ಬಾಳೆಹಣ್ಣಿಗೆ ಅವನು, ಬ್ಯಾಂಕಿಗೆ ಅವನು, ಮುಂಡರಗಿಯ ಕಚೇರಿಗೆ ಯಾವುದೋ ಕಾಗದ ಮುಟ್ಟಿಸಲು ಅವನು, ಮಕ್ಕಳನ್ನು ಆಟದ ಪಂದ್ಯಕ್ಕೆ ಕರೆದೊಯ್ಯಲು ಅವನು. ಇದನ್ನು ಯಾರೂ ಬರೆದು ಕೊಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಹಿರಿಯ ಸರ್ ಇಲ್ಲದ ಮೇಲೆ ಆ ಚೀಲ ನನ್ನ ಹೆಗಲಿಗೆ. ಸಣ್ಣ ಮಕ್ಕಳ ಕೋಣೆ ಬಿಟ್ಟು ಹಾಗೆಲ್ಲ ಎದ್ದು ಹೋಗಲಾಗುವುದಿಲ್ಲ. ಆದ್ದರಿಂದ ನಾಲ್ಕು-ಐದನೇ ಇಯತ್ತೆಯ ಅಕ್ಕೋರನ್ನು ಹಿರಿಯ ಸರ್ ಅವರ ಆರು-ಏಳಕ್ಕೆ ಕಳಿಸಿ ನನ್ನನ್ನು ನಾಲ್ಕು-ಐದಕ್ಕೆ ಹಾಕುವುದು, ಬರುವ ಅಕ್ಕೋರಿಗೆ ನಲಿ-ಕಲಿ.

"ಇನ್ನೂ ಒಂದ ಐತ್ರಿ," ಎಂದು ಹೆಡ್ ಅಕ್ಕೋರು ದನಿ ಇಳಿಸಿದರು. "ಸಣ್ಣ ಹೆಣ್ಣ ಹುಡುಗೂರು ಇರ್ತಾವ. ತಾಯಂದ್ರಿಗೆ ಅಕ್ಕೋರಿದ್ರ ಧೈರ್ಯ. ನಿಮ್ಮ ಮ್ಯಾಲೆ ಯಾರೂ ಏನೂ ಅಂದಿಲ್ಲ, ಮತ್ತ. ಆದ್ರ ರೂಢಿ ಅನ್ನೂದೊಂದ ಇರ್ತೈತಲ್ರಿ."

ಆ ಮಾತಿನಲ್ಲಿ ತಪ್ಪೂ ಇರಲಿಲ್ಲ. ಯಾವ ಮಗುವಿಗಾದರೂ ಚಡ್ಡಿ ಒದ್ದೆಯಾದರೆ ನಾನು ಅಡುಗೆ ಮಾಡುವ ಅಮ್ಮನನ್ನು ಕರೆಯುತ್ತಿದ್ದೆ, ಬಾಗಿಲು ಸದಾ ತೆರೆದಿಡುತ್ತಿದ್ದೆ. ಇದು ಯಾರೂ ಹೇಳದೆ ನಾನೇ ಹಾಕಿಕೊಂಡ ನಿಯಮ. ಆದರೂ ಅವತ್ತು ಮಧ್ಯಾಹ್ನ ಹಾಡು ಹೇಳಿಸುವಾಗ ನಾನು ಕುಣಿಯಲಿಲ್ಲ, ಮತ್ತು ಅದನ್ನು ಮಕ್ಕಳು ಗಮನಿಸಿದರು.

ಸಂಜೆ ಅಕ್ಕನಿಗೆ ಫೋನು ಮಾಡಿ, ನಿನ್ನ ಎರಡು–ಸೊನ್ನೆ ಇನ್ನು ಒಂದು–ಸೊನ್ನೆ ಆಗುತ್ತದೆ ಎಂದೆ. ಕಾರಣ ಕೇಳಿ ಅವಳು ನಕ್ಕಳು.

"ಇಲ್ಲೂ ಅದ ಹಣೇಬರಹ, ತಮ್ಮಾ. ಆ ಪಾಪದಾಂವ ಬೆಳಗಿನ ಪ್ರಾರ್ಥನಾಕ್ಕ ಕುರ್ಚಿ ಹಾಕಬೇಕು, ಸಂಜಿಗೆ ಫುಟ್‌ಬಾಲ್ ಆಡಿಸಬೇಕು. ಮೊನ್ನಿ ಬಣ್ಣದ ಡಬ್ಬಿ ಮುಚ್ಚಳ ತೆರೀವಲ್ದು ಅಂತ ಪಾಠ ನಿಲ್ಲಿಸಿ ಕರೆಸಿದ್ರು. ಎಲ್ಲಾರೂ ಅವನ್ನ ಹೆಡ್ ಮಾಸ್ತರ ಯಾವಾಗ ಆಗ್ತೀ ಅಂತ ಕೇಳ್ತಾರ. ನಮ್ಮನ್ನ ಯಾರೂ ಕೇಳಂಗಿಲ್ಲ."

"ಅವಗ ಸಣ್ಣ ಮಕ್ಕಳಿಗೆ ಕಲಸೂ ಮನಸೈತೇನು?"

"ಯಾರಿಗ್ಗೊತ್ತು? ಕೇಳಬೇಕು." ಅಷ್ಟಕ್ಕೇ ಬಿಡದೆ, "ನೀ ಕೇಳ್ದ್ಯಾ? ನಿಮ್ಮ ಸಾಲಿಗೆ ಬರೂ ಅಕ್ಕೋರನ್ನ?" ಎಂದಳು.

"ಅವರನ್ನೇನ ಕೇಳೂದು? ಅವರು ನಲಿ-ಕಲಿಗೇ ಬರಾಕತ್ತಾರ."

"ಹಂಗಂತ ಅವರು ಹೇಳ್ಯಾರೇನು?"

ಇಷ್ಟು ದಿನ ಗಂಡಸರನ್ನು ಎಣಿಸಿ ಎಣಿಸಿ, ಆ ಇಪ್ಪತ್ತಾರು ಹೆಣ್ಣುಮಕ್ಕಳ ಮೇಲೆ ಒಂದು ದೊಡ್ಡ ಸುತ್ತು ಹಾಕಿ ಬಿಟ್ಟಿದ್ದೆ. ಅವರು ಅಲ್ಲಿ ಯಾಕಿದ್ದಾರೆ ಎಂಬ ಪ್ರಶ್ನೆಯೇ ನನಗೆ ಬಂದಿರಲಿಲ್ಲ.

ಆದರೆ ಗೊತ್ತಿಲ್ಲದವರಿಗೆ ಫೋನು ಮಾಡಿ ಹೇಗೆ ಕೇಳುವುದು? ಜುಲೈ ಪೂರ್ತಿ ಹಾಗೇ ಕಳೆಯಿತು. ಹಿರಿಯ ಸರ್ ಅವರಿಗೆ ಹಾರ ಹಾಕಿ, ಫೋಟೋ ತೆಗೆದು, ಬೀಳ್ಕೊಟ್ಟೆವು. ಆಗಸ್ಟ್ ನಾಲ್ಕಕ್ಕೆ ಹೊಸ ಅಕ್ಕೋರು ಬಂದರು. ಬಸ್ಸಿನಲ್ಲಲ್ಲ, ಸ್ಕೂಟಿಯ ಮೇಲೆ. ಹೆಲ್ಮೆಟ್ ತೆಗೆದು, ಸೆರಗು ಝಾಡಿಸಿ, ನೇರವಾಗಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಹಿಂದೆಯೇ ಹೆಡ್ ಅಕ್ಕೋರು.

"ಇದ ನೋಡ್ರಿ ನಿಮ್ಮ ಕೋಣಿ," ಎಂದರು ಹೆಡ್ ಅಕ್ಕೋರು. "ಸರ್ ಎಲ್ಲಾ ತಯಾರ ಇಟ್ಟಾರ. ಕಾರ್ಡು, ಚಾರ್ಟು, ಎಲ್ಲಾ ಜೋಡಿಸೇದ."

ಹೊಸ ಅಕ್ಕೋರು ಒಳಗೆ ಬಂದರು. ತಲೆಯ ಮೇಲೆ ದಾರ ಕಟ್ಟಿ ಇಳಿಬಿಟ್ಟ ಮಕ್ಕಳ ಚಿತ್ರಗಳನ್ನು ನೋಡಿದರು. ಏಣಿಯ ಮೇಲಿನ ನನ್ನ ಗುರುತುಗಳನ್ನು ನೋಡಿದರು. ಮನೆ ಬಾಡಿಗೆಗೆ ಬಂದವರು ಗೋಡೆ ನೋಡುವಾಗ ಹಳೆಯ ಬಾಡಿಗೆದಾರ ನಿಂತಿರುತ್ತಾನಲ್ಲ, ಹಾಗೆ ನಿಂತಿದ್ದೆ.

"ಭಾಳ ಛಲೋ ಇಟ್ಟೀರಿ ಸರ್," ಎಂದರು ಅವರು. ಆಮೇಲೆ ಹೆಡ್ ಅಕ್ಕೋರ ಕಡೆ ತಿರುಗಿ, "ಆದ್ರ ನಾ ಒಲ್ಲೆರಿ," ಎಂದರು.

"ಏನ್ ಒಲ್ರೀ?"

"ನಲಿ-ಕಲಿ ಒಲ್ಲೆ. ಹದಿನಾಲ್ಕ ವರ್ಷ ಮಾಡೀನ್ರಿ. ಮೂರ ಸಾಲಿ ತಿರುಗೀನಿ, ಮೂರೂ ಕಡೆ ಗೇಟಿನಾಗ ಕಾಲಿಡೂ ಪುರಸೊತ್ತಿಲ್ಲ, 'ಬರ್ರಿ ಅಕ್ಕೋರ, ಇದ ನಿಮ್ಮ ಕೋಣಿ' ಅಂತಾರ. ನಾ ಕಲ್ತಿದ್ದು ಗಣಿತ. ಭಿನ್ನರಾಶಿ ಹೇಳಿ ಹದಿನಾಲ್ಕ ವರ್ಷ ಆತ್ರಿ. ನನಗ ನಾಕನೇ-ಐದನೇ ಇಯತ್ತಿ ಕೊಡ್ರಿ, ಪುಣ್ಯಾ ಬರ್ತೈತಿ."

ಮೂರನೇ ಇಯತ್ತೆಯ ಗುಂಪು ಕಾರ್ಡು ಬಿಟ್ಟು ನಮ್ಮ ಕಡೆ ತಿರುಗಿ ಕುಳಿತಿತ್ತು. ಹೆಡ್ ಅಕ್ಕೋರು ನನ್ನನ್ನು ನೋಡಿದರು. ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೇವೆ ಎಂಬ ಸಂಶಯ ಅವರ ಕಣ್ಣಿನಲ್ಲಿ ಕಂಡಿತು.

"ದೇವರಾಣಿಗೂ ನಾ ಏನೂ ಹೇಳಿಲ್ರೀ," ಎಂದೆ.

"ಮತ್ತ ಸಿಲಿಂಡರ್? ಬ್ಯಾಂಕು? ಮುಂಡರಗಿ ಆಫೀಸು?"

"ಗಾಡಿ ಹೊಡ್ಕೊಂಡ ಬಂದೀನಲ್ರಿ," ಎಂದರು ಹೊಸ ಅಕ್ಕೋರು. "ಬ್ಯಾಂಕಿಗೆ ನಾ ಹೋಗ್ತೀನಿ, ಆಫೀಸಿಗೂ ಹೋಗ್ತೀನಿ. ಸಿಲಿಂಡರ್ ಮಾತ್ರ ಸ್ಕೂಟಿ ಮ್ಯಾಲೆ ಕುಂಡ್ರಂಗಿಲ್ಲ. ಅದಕ್ಕ ಆಟೋ ಹೇಳೂನು. ಮಾಸ್ತರನ ಯಾಕ ಹೊರಬೇಕು?"

ಈ ಪ್ರಶ್ನೆಯನ್ನು ನಮ್ಮ ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಹೆಡ್ ಅಕ್ಕೋರು ಬಹಳ ಹೊತ್ತು ಏಣಿಯನ್ನೇ ನೋಡಿದರು. ಕೊನೆಗೆ, "ತಾಯಂದ್ರನ್ನ ಕೇಳೂನು. ಅವರು ಹೂಂ ಅಂದ್ರ ನನ್ನದೇನೂ ಇಲ್ಲ," ಎಂದರು. ಅಂದರೆ ನನ್ನ ತರಗತಿ ನನ್ನಲ್ಲಿ ಉಳಿಯುವುದು ಬಿಡುವುದು ಶನಿವಾರದ ಪಾಲಕರ ಸಭೆಗೆ ಬಿತ್ತು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಜಗಲಿಯ ಮೇಲೆ ಜಮಖಾನೆ ಹಾಸಿದೆವು. ತಾಯಂದಿರು, ಅಜ್ಜಿಯರು ಬಂದು ಕುಳಿತರು. ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತೆ. ಎಷ್ಟು ಜನ ಬಂದರು ಎಂದು ಅವತ್ತು ಎಣಿಸಲಿಲ್ಲ, ದಿನಚರಿಯಲ್ಲಿ ಆ ಜಾಗ ಈಗಲೂ ಖಾಲಿ ಇದೆ. ಹೆಡ್ ಅಕ್ಕೋರು ವಿಷಯವನ್ನು ಸುತ್ತಿ ಬಳಸದೆ ಹೇಳಿದರು: ಸಣ್ಣವರಿಗೆ ಸರ್ ಅವರೇ ಇರಲೋ, ಬೇಡವೋ, ಬಾಯಿಬಿಟ್ಟು ಹೇಳಿ.

ಒಬ್ಬ ತಾಯಿ, "ನಮ್ಮ ಹುಡುಗ ಮನ್ಯಾಗೂ ಹಾಡು ಹೇಳ್ತೈತ್ರಿ," ಎಂದಳು. ಇನ್ನೊಬ್ಬಳು, "ಬಾಗಿಲಾ ತೆಗದ ಇರ್ತೈತಿ, ನಾ ಹೊಲಕ್ಕ ಹೋಗೂವಾಗ ದಿನಾ ನೋಡ್ತೀನಿ," ಎಂದಳು. ಎಲ್ಲ ಸರಿ ಹೋಯಿತು ಎನ್ನುವಷ್ಟರಲ್ಲಿ ಒಂದನೇ ಇಯತ್ತೆಯ ಹುಡುಗಿಯೊಬ್ಬಳ ಅಜ್ಜಿ ಕೈ ಎತ್ತಿದಳು.

"ನಂದೊಂದ ತಕರಾರ ಐತಿ," ಎಂದಳು. "ಮಾಸ್ತರ ಛಲೋ ಅದಾನ, ಇಲ್ಲನ್ನಂಗಿಲ್ಲ. ಆದ್ರ ಮೊದಲಿನ ಅಕ್ಕೋರು ಹುಡುಗ್ಯಾರ ಜಡಿ ಬಿಚ್ಚಿದ್ರ ಅಲ್ಲೇ ಹಾಕ್ತಿದ್ರು. ಮುಂಜಾನೆ ನಮ್ಮ ಸೊಸಿ ಕೂಲಿಗೆ ಹೊಕ್ಕಾಳ, ನನಗ ಕಣ್ಣ ಮಬ್ಬ. ಈಗ ನಮ್ಮ ಕೂಸು ಹೋಗೂವಾಗ ಹೆಂಗ ಹೊಕ್ಕೈತಿ, ಬರೂವಾಗ ಅದಕ್ಕಿಂತ ಕೆದರ್ಕೊಂಡ ಬರ್ತೈತಿ. ಇಂವ ಜಡಿ ಹಾಕ್ತಾನೇನು?"

ಜಗಲಿಯೆಲ್ಲ ನಕ್ಕಿತು. ಹೆಡ್ ಅಕ್ಕೋರು ಸೆರಗು ಬಾಯಿಗೆ ಹಿಡಿದರು. ಅಜ್ಜಿ ಮಾತ್ರ ನಗಲಿಲ್ಲ. ಅವಳಿಗೆ ಅದು ಖರೇ ಪ್ರಶ್ನೆಯಾಗಿತ್ತು. ನನಗೂ.

"ಬರಂಗಿಲ್ಲ ಆಯಿ," ಎಂದೆ. "ಕಲಿಸಿದ್ರ ಕಲೀತೀನಿ."

"ಗಂಡಸು ಜಡಿ ಹಾಕೂದು ನಾ ನೋಡಿಲ್ಲ."

"ನಾನೂ ನೋಡಿಲ್ಲ. ಬೆಟಗೇರಿಯಾಗ ನಮ್ಮಪ್ಪ ಮಗ್ಗದ ಎಳಿ ಹರದ್ರ ಕಣ್ಣ ಮುಚ್ಚಿ ಗಂಟ ಹಾಕ್ತಿದ್ದ. ಆ ಕೈ ನನಗೂ ಒಂದೀಟ ಬಂದಿರಬೇಕು."

"ಕೂದಲಾ ಅಂದ್ರ ನೂಲಲ್ಲ, ಮಾಸ್ತರ. ಅದು ಚೀರ್ತೈತಿ," ಎಂದಳು ಅಜ್ಜಿ. ತಿರುಗಿ ಹೆಡ್ ಅಕ್ಕೋರಿಗೆ, "ಆತು, ಇರ್ಲಿ ಬಿಡ್ರಿ. ಆದ್ರ ಸೋಮಾರ ನಾ ಬಂದ ನೋಡ್ತೀನಿ," ಎಂದಳು. ಸಭೆ ಮುಗಿಯಿತು.

ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಂಕಿಗಳಿಗಿಂತ ಇದೇ ಅವಳಿಗೆ ಹೆಚ್ಚು ಹಿಡಿಸಿತು. ತನ್ನ ಶಾಲೆಯ ಆ ಒಬ್ಬನನ್ನೂ, ಉಳಿದ ಹದಿಮೂರು ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರಾಗಿ ಕೇಳುತ್ತೇನೆ, ನಿಮಗೆ ಯಾವ ತರಗತಿ ಬೇಕಿತ್ತು ಎಂದು, ಅಂದಳು. ನಾನೂ ನಮ್ಮ ಸಭೆಯ ಇಪ್ಪತ್ತಾರು ಅಕ್ಕೋರನ್ನು ಕೇಳಲು ಹೊರಟಿದ್ದೇನೆ. ಇದುವರೆಗೆ ಒಂಬತ್ತು ಉತ್ತರ ಬಂದಿವೆ. ಐವರಿಗೆ ನಲಿ-ಕಲಿಯೇ ಪ್ರಾಣ, ಅದನ್ನು ಮುಟ್ಟಿದರೆ ಜಗಳಕ್ಕೇ ಬರುತ್ತಾರೆ. ಮೂವರಿಗೆ ಬೇರೆ ತರಗತಿ ಬೇಕಿತ್ತು. ಒಬ್ಬರು, "ಇದನ್ನ ಕೇಳಾಕ ಇಷ್ಟ ವರ್ಷ ಬೇಕಾತೇನ್ರಿ?" ಎಂದು ಫೋನು ಇಟ್ಟರು. ಅವರನ್ನು ಯಾವ ಸಾಲಿಗೆ ಸೇರಿಸಬೇಕೋ ತಿಳಿಯದೆ ಪುಟದ ಅಂಚಿನಲ್ಲಿ ಬರೆದುಕೊಂಡಿದ್ದೇನೆ.

ಸೋಮವಾರ ಅಜ್ಜಿ ಹೇಳಿದಂತೆಯೇ ಬಂದಳು, ಮೊಮ್ಮಗಳ ಕೈ ಹಿಡಿದು. ಇನ್ನೊಂದು ಕೈಯಲ್ಲಿ ಹಣಿಗೆ, ಕೆಂಪು ರಿಬ್ಬನ್ನು. ಹುಡುಗಿಯನ್ನು ಜಗಲಿಯ ಮೇಲೆ ನನ್ನ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ಒಳಗಿನ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತವು. ಪಕ್ಕದ ಕೋಣೆಯಿಂದ ಹೊಸ ಅಕ್ಕೋರ ದನಿ ಕೇಳುತ್ತಿತ್ತು, "ಒಂದ ರೊಟ್ಟಿ, ನಾಕ ತುಂಡು, ಅದರಾಗ ಮೂರ ತಿಂದ್ರ?" ನಾನು ಕೂದಲನ್ನು ಮೂರು ಪಾಲು ಮಾಡಿದೆ. ಒಂದನ್ನು ಇನ್ನೊಂದರ ಮೇಲೆ ಹಾಕಿದೆ. ಅಜ್ಜಿ ಬೆರಳಿನಿಂದ ಮುಟ್ಟಿ ನೋಡಿ, ಬಿಚ್ಚಿದಳು.

"ಸಡ್ಲ ಆತು. ಮತ್ತೊಮ್ಮೆ."

ಮತ್ತೊಮ್ಮೆ ಹಾಕಿದೆ. ಹುಡುಗಿ "ಆಯ್ ಅಕ್ಕೋರೇ!" ಎಂದು ಚೀರಿದಳು. ಅಜ್ಜಿ ಅದನ್ನೂ ಬಿಚ್ಚಿದಳು.

ಮೂರನೆಯದು ಎಡಕ್ಕೆ ವಾಲಿತ್ತು. ಅಜ್ಜಿ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ರಿಬ್ಬನ್ನು ನನ್ನ ಕೈಗೆ ಕೊಟ್ಟಳು. "ಕಟ್ಟು," ಎಂದಳು.